ಈಜುಕೊಳದ ಎರಡು ಕಪ್ಪೆಗಳು

ಧರಣೇಂದ್ರಯ್ಯನವರು ತಮ್ಮ ಬಂಗಲೆಯ ಈಜುಕೊಳವನ್ನು ಪರಿಸರಸ್ನೇಹಿ ಮಾಡಹೊರಟರು. ಕ್ಲೋರಿನ್ ನಿಲ್ಲಿಸಿ, ನೀರು ತಿಳಿಯಾಗಿರಲೆಂದು ಅಂಚಿನಲ್ಲಿ ಜೊಂಡು ನೆಡಿಸಿದರು. ನೀರು ಹಿತವಾಗಿದ್ದುದನ್ನು ಕಂಡು ಕಪ್ಪೆಯೊಂದು ಬಂದು ಮೊಟ್ಟೆಯಿಟ್ಟಿತು.

ಭಾನುವಾರ ಕೊಳ ನೋಡಲು ಬಂದ ನೆಂಟರು ಕಪ್ಪೆಯನ್ನು ಕಂಡು ಕಿರುಚಿ ಓಡಿದರು.

"ಮಾನ ಹೋಯಿತು, ಎಲ್ಲ ಕಿತ್ತುಹಾಕಿ!" ಎಂದರು ಧರಣೇಂದ್ರಯ್ಯ.

ಜೊಂಡು ಹೋಯಿತು, ಕ್ಲೋರಿನ್ ಬಂತು, ಮೊಟ್ಟೆಗಳೆಲ್ಲ ಸತ್ತವು. ಹಸಿರು ಕಾಣಲೆಂದು ದಡದಲ್ಲಿ ಪ್ಲಾಸ್ಟಿಕ್ ಜೊಂಡನ್ನೂ ಪ್ಲಾಸ್ಟಿಕ್ ಕಪ್ಪೆಯನ್ನೂ ಇಡಿಸಿದರು. ನೆಂಟರು ಮತ್ತೆ ಬಂದು ಆ ಕಪ್ಪೆಯ ಜೊತೆ ಫೋಟೊ ತೆಗೆಸಿಕೊಂಡರು.

ಅವರು ಹೋದಮೇಲೆ ತಾಯಿಕಪ್ಪೆ ಗೋಡೆಯ ಮರೆಯಿಂದ ಬಂದು ಪ್ಲಾಸ್ಟಿಕ್ ಕಪ್ಪೆಯನ್ನು ಕೇಳಿತು: "ಅಣ್ಣಾ, ನಿನ್ನನ್ನು ಮುದ್ದಾಡುವವರು ನನ್ನನ್ನು ಕಂಡು ಏಕೆ ಓಡಿದರು? ನಾನು ಮಾಡಿದ ತಪ್ಪೇನು?"

"ಇವರಿಗೆ ಪರಿಸರದ ಮೇಲೆ ಬಹಳ ಪ್ರೀತಿ, ತಂಗೀ," ಎಂದಿತು ಪ್ಲಾಸ್ಟಿಕ್ ಕಪ್ಪೆ. "ನೀನು ಜೀವ ಇಟ್ಟುಕೊಂಡು ಬಂದದ್ದೇ ತಪ್ಪು."