ಸಾಕು ಎನ್ನಲು ಕಾದ ತಂಗಿ

ಕಾಶೀಬಾಯಿಯ ಗರ್ಭಕೋಶದ ಒಳಪದರದಲ್ಲಿ ಹಾರ್ಮೋನುಗಳ ಮಾತು ಕೇಳುವ ಇಬ್ಬರು ಗ್ರಾಹಿಗಳು, ಅಕ್ಕ ಮತ್ತು ತಂಗಿ, ಬಾಗಿಲು ಕಾಯುತ್ತಿದ್ದರು. ಈಸ್ಟ್ರೋಜನ್ ಬಂದು ತಟ್ಟಿದರೆ ಅಕ್ಕ, “ಕೂಸಿಗೆ ಹಾಸಿಗೆ ಹಾಸಿ” ಎಂದು ಕೂಗುತ್ತಿದ್ದಳು. ಪ್ರೊಜೆಸ್ಟರಾನ್ ತಟ್ಟಿದರೆ ತಂಗಿ, “ಸಾಕು” ಎನ್ನುತ್ತಿದ್ದಳು.

ವಯಸ್ಸಾಗಿ ಕಾಶೀಬಾಯಿಯ ಮುಟ್ಟು ನಿಂತಿತು. ಪ್ರೊಜೆಸ್ಟರಾನ್ ಬರುವುದನ್ನೇ ಬಿಟ್ಟಿತು. ಈಸ್ಟ್ರೋಜನ್ ಮಾತ್ರ ಮೈಯ ಕೊಬ್ಬಿನಲ್ಲಿ ಅಷ್ಟಿಷ್ಟು ಹುಟ್ಟಿ ಬಂದು ತಟ್ಟುತ್ತಲೇ ಇತ್ತು. ಅಕ್ಕ ಕೂಗುತ್ತಲೇ ಇದ್ದಳು.

“ಅಕ್ಕಾ, ಕೂಸು ಇನ್ನು ಬರುವುದಿಲ್ಲ. ಯಾರಿಗೆ ಈ ಹಾಸಿಗೆ?” ಎಂದಳು ತಂಗಿ.

“ತಟ್ಟಿದವರಿಗೆ ಇಲ್ಲವೆನ್ನಲು ನನಗೆ ಬಾರದು. ನಿನ್ನ ಬಾಗಿಲನ್ನಂತೂ ಯಾರೂ ತಟ್ಟುವುದಿಲ್ಲ. ಎದ್ದು ಹೋಗು.”

“ನೀನು ಕೂಗುತ್ತಿರುವವರೆಗೂ ನಾನು ಇರಲೇಬೇಕು,” ಎಂದು ತಂಗಿ ಅಲ್ಲೇ ಕೂತಳು.

ಹಾಸಿಗೆ ವಿಪರೀತ ದಪ್ಪವಾಗಿ, ಒಂದು ಬೆಳಿಗ್ಗೆ ರಕ್ತ ಕಾಣಿಸಿತು. “ಮತ್ತೆ ಹರೆಯ ಬಂತು ಬಿಡು!” ಎಂದು ನೆರೆಯ ಹೆಂಗಸರು ನಕ್ಕರು. ಕಾಶೀಬಾಯಿ ನಗಲಿಲ್ಲ. “ನಿಂತದ್ದು ಮತ್ತೆ ಕಂಡರೆ ಕೇಳಬೇಕಾದದ್ದು ಡಾಕ್ಟರನ್ನು,” ಎಂದು ಅಂದೇ ಆಸ್ಪತ್ರೆಗೆ ಹೊರಟಳು.

ಡಾಕ್ಟರು ಪದರದ ಚೂರು ತೆಗೆದು ಪರೀಕ್ಷೆ ಮಾಡಿಸಿದರು. “ಕ್ಯಾನ್ಸರ್ ಅಲ್ಲ. ಬೇಗ ಬಂದದ್ದು ಒಳ್ಳೆಯದಾಯಿತು,” ಎಂದು ಪ್ರೊಜೆಸ್ಟರಾನ್ ಮಾತ್ರೆ ಕೊಟ್ಟರು.

ಮಾತ್ರೆ ಬಂದು ತಂಗಿಯ ಬಾಗಿಲು ತಟ್ಟಿತು.

“ಸಾಕು,” ಎಂದಳು ತಂಗಿ.

ಹಾಸುವ ಕೆಲಸ ನಿಂತಿತು. “ಇದೊಂದು ಮಾತು ಹೇಳಲು ಇಷ್ಟು ಕಾಲ ಕಾದೆಯಾ?” ಎಂದು ಅಕ್ಕ ಕೇಳಿದಳು.

“ನಿನಗೆ ಅದನ್ನು ಹೇಳುವವರು ಬೇರೆ ಯಾರಿದ್ದರು, ಅಕ್ಕಾ?”

ಹುಟ್ಟಿದಾಗಿನಿಂದ ಕೂಸಿಗೆಂದೇ ಹಾಸಿಸುತ್ತಾ ಬಂದ ಹಾಸಿಗೆಯ ಮೇಲೆ ಅಕ್ಕ ಮೊದಲ ಸಲ ತಾನೇ ಮಲಗಿದಳು.