ಮಂತ್ರಿಗಳು ಓದದ ಹೆಸರು

ಬಹಳ ಹಿಂದೆ, ಒಂದು ಮಹಾಯುದ್ಧ ಮುಗಿದು ಇನ್ನೊಂದು ಇನ್ನೂ ಶುರುವಾಗದ ಕಾಲದಲ್ಲಿ, ಫ್ರಾನ್ಸ್ ದೇಶದ ವೊಬ್ರಾಕ್ ಎಂಬ ಹೊಳೆದಂಡೆಯ ಊರಲ್ಲಿ ಆನ್ಸೆಲ್ಮ್ ರುವಿಯೇರ್ ಎಂಬ ದನದ ಡಾಕ್ಟರಿದ್ದರಂತೆ. ಅವರ ಕಂಠ ಎಂಥದ್ದೆಂದರೆ, ಈ ದಂಡೆಯಲ್ಲಿ ನಿಂತು ಮಾತಾಡಿದರೆ ಆ ದಂಡೆಯ ಹಸುಗಳು ಮೇಯುವುದು ಬಿಟ್ಟು ಕಿವಿ ನಿಮಿರಿಸುತ್ತಿದ್ದವಂತೆ. ಒಮ್ಮೆ ಮಳೆಯಲ್ಲೇ ಮೂರು ಗಂಟೆ ಭಾಷಣ ಮಾಡಿದರಂತೆ. ಕೊನೆಗೆ ಮಳೆಗೇ ಸಾಕಾಗಿ ನಿಂತಿತಂತೆ. ಇಂಥ ಕಂಠವನ್ನು ಬರೀ ದನಗಳಿಗೆ ಬಿಡುವುದು ಸರಿಯಲ್ಲವೆಂದು ಜನ ಅವರನ್ನು ಮೇಯರ್ ಮಾಡಿದರು.

ಯುದ್ಧದಲ್ಲಿ ಆ ಪುಟ್ಟ ಊರಿನ ನಲವತ್ತೆರಡು ಹುಡುಗರು ಸತ್ತಿದ್ದರು. ದೇಶದ ಎಲ್ಲ ಊರುಗಳಂತೆ ವೊಬ್ರಾಕ್ ಕೂಡ ಚೌಕದಲ್ಲಿ ಒಂದು ಕಲ್ಲು ನಿಲ್ಲಿಸಿತು. ಕಲ್ಲಿನ ಮೇಲೆ ನಲವತ್ತೊಂದು ಹೆಸರು ಕೆತ್ತಿಸಿತು.

ಬಿಟ್ಟದ್ದು ಜೂಲಿಯೆನ್ ಪ್ರಾದಾಲ್ ಎಂಬ ಹುಡುಗನ ಹೆಸರು. ಅವನನ್ನು ಕೊಂದವರು ಶತ್ರುಗಳಲ್ಲ. ಕಂದಕದಿಂದೆದ್ದು ಐದನೆಯ ಸಲ ಗುಂಡುಗಳ ಎದುರಿಗೆ ಓಡು ಎಂದಾಗ ಅವನು ಏಳಲಿಲ್ಲವಂತೆ. ಉಳಿದವರಿಗೆ ಪಾಠವಾಗಲೆಂದು ಅವನದೇ ಸೇನೆ ಅವನನ್ನು ಕಂಬಕ್ಕೆ ಕಟ್ಟಿ ಗುಂಡಿಟ್ಟು ಕೊಂದಿತು. ಪಾಠ ಯಾರು ಕಲಿತರೋ ಗೊತ್ತಿಲ್ಲ.

ಅವನ ತಾಯಿ ನೊಯೆಮಿ ಊರಿನವರ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದಳು. ಮೇಯರರ ಕೊರಳಪಟ್ಟಿಗೆ ಗಂಜಿ ಹಾಕಿ ಗರಿಗರಿ ಮಾಡಿಕೊಡುತ್ತಿದ್ದವಳೂ ಅವಳೇ. ಒಂದು ಶನಿವಾರ ಬಟ್ಟೆಯ ಬುಟ್ಟಿ ಇಳಿಸಿ ಬಾಗಿಲಲ್ಲೇ ನಿಂತಳು.

"ಮೊಸ್ಯೂ ಮೇಯರ್, ನನ್ನ ಮಗನದೂ ಒಂದು ಹೆಸರು. ಕಲ್ಲಲ್ಲಿ ಜಾಗ ಇದೆ, ನೋಡ್ಕೊಂಡೇ ಬಂದೆ."

"ಆಗಲಿ, ಪ್ರಾದಾಲ್ ತಾಯಿ," ಎಂದರು ರುವಿಯೇರ್. "ಈ ಚುನಾವಣೆ ಒಂದು ಮುಗೀಲಿ."

ಅವರು ಸುಳ್ಳು ಹೇಳಲಿಲ್ಲ. ಮುಂದೆ ಬಂದ ಪ್ರತಿ ಚುನಾವಣೆಯಲ್ಲೂ ಅವರು ಇದನ್ನು ಮನಸಾರೆ ಹೇಳಿದರು. ಯುದ್ಧದಿಂದ ಮರಳಿದವರ ಸಂಘವೊಂದಿತ್ತು. ಓಡಲೊಪ್ಪದವನ ಹೆಸರನ್ನು ಓಡಿ ಸತ್ತವರ ಜೊತೆ ಸೇರಿಸಿದರೆ ಸಂಘದ ಒಂದು ಓಟೂ ತಮಗೆ ಬೀಳದು ಎಂದು ಅವರ ಲೆಕ್ಕ. ಓಟುಗಳು ಬಿದ್ದವು. ಮೇಯರ್ ಆಗಿದ್ದುಕೊಂಡೇ ಅವರು ಪಾರ್ಲಿಮೆಂಟ್ ಸದಸ್ಯರೂ ಆದರು. ಆ ದೇಶದಲ್ಲಿ ಎರಡೂ ಕುರ್ಚಿಯಲ್ಲಿ ಒಟ್ಟಿಗೆ ಕೂರಬಹುದಿತ್ತು.

ಯುದ್ಧ ನಿಂತ ದಿನವಾದ ನವೆಂಬರ್ ಹನ್ನೊಂದರಂದು, ಪ್ರತಿ ವರ್ಷ, ಮೇಯರ್ ಆ ಕಲ್ಲಿನ ಮುಂದೆ ನಿಂತು ಒಂದೊಂದೇ ಹೆಸರು ಓದಬೇಕು. ಪ್ರತಿ ಹೆಸರಿಗೂ ಜನ "ನಾಡಿಗಾಗಿ ಮಡಿದ" ಎಂದು ಉತ್ತರ ಕೊಡಬೇಕು. ರುವಿಯೇರ್ ಓದಿದರೆ ಸತ್ತವರು ಎದ್ದು ಬಂದು ಕೇಳುತ್ತಾರೆ ಎಂದು ಜನ ಹೇಳುತ್ತಿದ್ದರಂತೆ. ನೊಯೆಮಿ ಮುಂದಿನ ಸಾಲಲ್ಲಿ ನಿಂತು ನಲವತ್ತೊಂದೂ ಹೆಸರಿಗೆ ಉತ್ತರ ಕೊಡುತ್ತಿದ್ದಳು. ಮುಗಿದ ಮೇಲೆ ಹತ್ತಿರ ಬರುತ್ತಿದ್ದಳು.

"ಚೆನ್ನಾಗಿ ಓದಿದ್ರಿ. ಕೊರಳಪಟ್ಟಿ ಬಿಗಿಯಾಯ್ತಾ?"

"ಇಲ್ಲ, ತಾಯಿ."

"ಹಾಗಾದ್ರೆ ಸರಿ."

ಆಮೇಲೆ ಅವರು ಮಂತ್ರಿಯೂ ಆದರು. ಆ ದೇಶದಲ್ಲಿ ಆಗ ಸರ್ಕಾರಗಳು ಚೀಸ್‌ಗಿಂತ ಬೇಗ ಕೆಡುತ್ತಿದ್ದವಂತೆ; ಇವರದು ಒಂಬತ್ತು ದಿನ ಬಾಳಿತು. ಇವರಿಗೆ ಸಿಕ್ಕಿದ್ದು ಸೈನಿಕರ ಖಾತೆ. ಎಂಟನೆಯ ದಿನ ಮೇಜಿಗೆ ಒಂದು ಫೈಲು ಬಂತು: ತಮ್ಮದೇ ಸೇನೆ ಕೊಂದ ಹುಡುಗರ ಮೇಲಿನ ಕಳಂಕ ತೆಗೆಯುವುದು. ಪಟ್ಟಿಯಲ್ಲಿ ಜೂಲಿಯೆನ್ ಪ್ರಾದಾಲ್ ಇದ್ದ. ಒಂದು ಸಹಿ ಸಾಕಿತ್ತು. ಸಂಘದವರ ಮುಖಗಳು ಕಣ್ಣ ಮುಂದೆ ಬಂದವು. ಪೆನ್ನಿಗೆ ಮುಚ್ಚಳ ಹಾಕಿ, "ಸೋಮವಾರ ನೋಡೋಣ," ಎಂದರು. ಶನಿವಾರ ಸರ್ಕಾರ ಬಿತ್ತು.

ಒಮ್ಮೆ ಮಂತ್ರಿಯಾದವರನ್ನು ಸಾಯುವತನಕ ಮಂತ್ರಿಗಳೇ ಎಂದು ಕರೆಯುವುದು ಅಲ್ಲಿಯ ಮರ್ಯಾದೆ. ಕಾಫಿ ಅಂಗಡಿಯಲ್ಲಿ ಜನ, "ಮಂತ್ರಿಗಳೇ, ಈ ವಾರ ಸರ್ಕಾರ ಇದೆಯೋ, ಇಲ್ಲಾ ನಾವೇ ನೋಡ್ಕೋಬೇಕೋ?" ಎನ್ನುತ್ತಿದ್ದರು. ಅದಕ್ಕೆ ಅವರೂ ನಗುತ್ತಿದ್ದರು. ಆದರೆ ಶನಿವಾರ ನೊಯೆಮಿ ಬುಟ್ಟಿ ಇಳಿಸಿ, ಎಳ್ಳಷ್ಟೂ ಕೊಂಕಿಲ್ಲದೆ "ಮೊಸ್ಯೂ ಮಂತ್ರಿಗಳೇ" ಎಂದಾಗ, ಅವರಿಗೆ ಮೇಜಿನ ಕೆಳಗೆ ನುಸುಳಿಕೊಳ್ಳಬೇಕು ಅನ್ನಿಸುತ್ತಿತ್ತಂತೆ. ಫೈಲಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಇವರು ಹೇಳಲೂ ಇಲ್ಲ.

ಹದಿನೆಂಟು ವರ್ಷ ಹೀಗೆ ಹೋಯಿತು. ಒಂದು ಅಕ್ಟೋಬರಿನಲ್ಲಿ ರುವಿಯೇರ್ ಬ್ರೆಡ್ಡು ಕೊಳ್ಳಲು ಹೋದಾಗ, ಬೇಕರಿಯ ಕ್ಲೋದ್ಯುಸ್ ಸುಮ್ಮನೆ ಮಾತು ತೆಗೆದ. ಯುದ್ಧದಿಂದ ಮರಳಿದವರ ಸಂಘದ ಅಧ್ಯಕ್ಷ ಅವನೇ.

"ಪ್ರಾದಾಲ್ ತಾಯಿ ಈ ಚಳಿಗಾಲ ದಾಟಲ್ಲ ಅಂತಾರೆ. ಮಂತ್ರಿಗಳೇ, ಆ ಹುಡುಗನ ಹೆಸರು ನೀವು ಯಾಕೆ ಓದಲೇ ಇಲ್ಲ?"

"ಯಾಕೆ ಅಂದ್ರೆ? ನಿಮ್ಮ ಸಂಘ ಸುಮ್ಮನೆ ಬಿಡ್ತಿತ್ತಾ?"

ಕ್ಲೋದ್ಯುಸ್ ಹಿಟ್ಟಿನ ಕೈ ಒರೆಸಿಕೊಂಡ. "ನಾವಾ? ಎರಡು ದಿನ ಗೊಣಗ್ತಿದ್ವಿ, ಅಷ್ಟೇ. ಕಂದಕದಲ್ಲಿ ಅವನ ಪಕ್ಕ ಇದ್ದೋರು ನಾವು. ನಮಗೂ ಏಳೋಕೆ ಮನಸ್ಸಿರಲಿಲ್ಲ. ನಿಮಗೇ ಇಷ್ಟ ಇಲ್ಲ ಅಂದ್ಕೊಂಡು ಸುಮ್ಮನಿದ್ವಿ."

ಆ ದಿನ ಮಂತ್ರಿಗಳು ಬ್ರೆಡ್ಡನ್ನು ಅಂಗಡಿಯಲ್ಲೇ ಮರೆತು ಮನೆಗೆ ಹೋದರಂತೆ.

ನವೆಂಬರ್ ಹನ್ನೊಂದು ಬಂತು. ನೊಯೆಮಿಯನ್ನು ಕುರ್ಚಿಯಲ್ಲಿ ಕೂರಿಸಿ ಚೌಕಕ್ಕೆ ಹೊತ್ತು ತಂದಿದ್ದರು. ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತವೆ: ಪೊಮಿಯೆ ಆದಮೇಲೆ ಪ್ರಾದಾಲ್, ಆಮೇಲೆ ರೇನಾಲ್. ರುವಿಯೇರ್ ಪೊಮಿಯೆ ತನಕ ಓದಿದರು. ಹಾಳೆಯಲ್ಲಿ ಮುಂದಿನ ಹೆಸರನ್ನು ತಮ್ಮ ಕೈಯಾರೆ ಬರೆದುಕೊಂಡು ಬಂದಿದ್ದರು. ಬಾಯಿ ತೆರೆದರು.

ಅವರು ಓದಿದರು, ಹೊಳೆಯಾಚೆಗೂ ಕೇಳಿಸಿತು ಎಂದು ಹೇಳುವವರಿದ್ದಾರೆ. ಅವರೆಲ್ಲ ರುವಿಯೇರ್ ಮನೆತನದವರು. ಮಂತ್ರಿಗಳು ಓದಲಿಲ್ಲ. ಮಳೆಯನ್ನು ಸೋಲಿಸಿದ ಕಂಠದಿಂದ ಎರಡು ಪದ ಹೊರಡಲಿಲ್ಲ. ಮುದುಕಿಯ ಮುಖ ನೋಡಲಾಗದೆ ಬಾಯಿ ತೆರೆದುಕೊಂಡು ನೆಲ ನೋಡುತ್ತ ನಿಂತರು. ಇಡೀ ಚೌಕ ನೆಲ ನೋಡಿತು.

ಆಗ ಕುರ್ಚಿಯಿಂದ ಸಣ್ಣ ದನಿ ಬಂತಂತೆ.

"ನಾಡಿಗಾಗಿ ಮಡಿದ."

ಮಂತ್ರಿಗಳು ರೇನಾಲ್ ಎಂದು ಓದಿ ಮುಂದುವರಿದರು. ಹಾಗೂ ಹೀಗೂ ಪಟ್ಟಿ ಮುಗಿಸಿದರು. ಆ ವರ್ಷ ನೊಯೆಮಿ ಚೆನ್ನಾಗಿ ಓದಿದ್ರಿ ಎನ್ನಲಿಲ್ಲ. ಕ್ರಿಸ್‌ಮಸ್‌ಗೆ ಮೊದಲೇ ತೀರಿಕೊಂಡಳು. ಮುಂದಿನ ಚುನಾವಣೆಗೆ ರುವಿಯೇರ್ ನಿಲ್ಲಲಿಲ್ಲ.

ಇವತ್ತಿಗೂ ವೊಬ್ರಾಕ್‌ನ ಮೇಯರ್ ಯಾರೇ ಆಗಲಿ, ಪೊಮಿಯೆ ಹೆಸರಿನ ನಂತರ ಬಾಯಿ ತೆರೆದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರಂತೆ. ಜನ ನೆಲ ನೋಡುತ್ತ, ಆ ಮೌನಕ್ಕೆ "ನಾಡಿಗಾಗಿ ಮಡಿದ" ಎನ್ನುತ್ತಾರಂತೆ. ಮೇಯರ್ ಸಾಲು ತಪ್ಪಿದರೇ ಎಂದು ಹೊರಗಿನವರು ಕೇಳಿದರೆ, "ಇಲ್ಲ, ಮಂತ್ರಿಗಳು ಓದ್ತಾ ಇದಾರೆ," ಎನ್ನುತ್ತಾರೆ. ಹೆಸರನ್ನು ಬಾಯಿಬಿಟ್ಟು ಓದಬಾರದು, ಕಲ್ಲಲ್ಲಿ ಕೆತ್ತಬಾರದು ಎಂದು ಈಗ ಯಾವ ಕಾನೂನೂ ಇಲ್ಲ. ಕೆತ್ತಿಸಬೇಕು ಎಂದೇ ಎಲ್ಲರೂ ಹೇಳುತ್ತಾರೆ. ಈ ಚುನಾವಣೆ ಒಂದು ಮುಗಿಯಬೇಕು, ಅಷ್ಟೇ.