ಉಪ್ಪು ನೆಕ್ಕಿದ ಚಂಪಿ

ತೂಗೂರು ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ, ತುಲಾಧರ. ಅವನಿಗೆ ಕುದುರೆ ಪಂದ್ಯದ ಹುಚ್ಚು. ಆದರೆ ಪಾಪ, ಅವನು ಹತ್ತಿ ಕೂತರೆ ಯಾವ ಕುದುರೆಯೂ ಮೇಲೇಳುತ್ತಿರಲಿಲ್ಲ. ಅದಕ್ಕೇ ಇಬ್ಬರು ಸವಾರರನ್ನು ಇಟ್ಟುಕೊಂಡಿದ್ದ. ಈಗ ಜಾಕಿ ಅನ್ನುತ್ತೇವಲ್ಲ, ಅದೇ ಕೆಲಸ. ಒಬ್ಬ ಸಣ್ಣೀರ, ಇನ್ನೊಬ್ಬ ದುಗ್ಗಪ್ಪ. ಇಬ್ಬರೂ ನುಗ್ಗೆಕಾಯಿಯಷ್ಟೇ ದಪ್ಪ. ಸವಾರನ ಬಾಳೇ ಹಾಗೆ ಮಕ್ಕಳೇ, ಹಬ್ಬದ ದಿನವೂ ಹೋಳಿಗೆಯ ವಾಸನೆ ಮಾತ್ರ ಅವನ ಪಾಲು.

ಅಲ್ಲೊಂದು ಕಟ್ಟಳೆ. ಓಟಕ್ಕೆ ಮುಂಚೆ ಸವಾರ ತಕ್ಕಡಿಯಲ್ಲಿ ಕೂರಬೇಕು. ಆಚೆ ತಟ್ಟೆಯಲ್ಲಿ ರಾಜನ ಗುಂಡುಕಲ್ಲು. ತೂಕ ಸಾಲದಿದ್ದರೆ ಅಂಗಿಯೊಳಗೆ ಮರಳಿನ ಚೀಲ ಕಟ್ಟಿಕೊಳ್ಳಬೇಕು. ಓಡಿ ಬಂದಮೇಲೆ ಮತ್ತೆ ಕೂರಬೇಕು. ಆಗಲೂ ತಕ್ಕಡಿ ಸಮ ನಿಲ್ಲಬೇಕು.

ಒಂದು ವರ್ಷ ರಾಜ ಡಂಗುರ ಸಾರಿಸಿದ. "ಮೂರು ದಿನ ಪಂದ್ಯ. ಮೂರೂ ದಿನ ಸೋತ ಕುದುರೆ ಎಣ್ಣೆ ಗಾಣಕ್ಕೆ."

ಡಂಗುರ ಕೇಳಿದ್ದೇ ಸಣ್ಣೀರ ಲಾಯಕ್ಕೆ ಓಡಿದ. ತನ್ನ ಕುದುರೆ ಚಂಪಿಯನ್ನು ಅವನು ಮಗಳ ಹಾಗೆ ಸಾಕಿದ್ದ.

ಮೊದಲ ದಿನ ದುಗ್ಗಪ್ಪ ಮುಂದೆ, ಸಣ್ಣೀರ ಬೆನ್ನ ಹಿಂದೆ. ತಿರುವಿಗೆ ಬಂದದ್ದೇ ಚಂಪಿ ನಿಂತುಬಿಟ್ಟಳು, ನೆಲ ನೆಕ್ಕತೊಡಗಿದಳು. ದುಗ್ಗಪ್ಪ ಗೆದ್ದ. "ಅಯ್ಯಪ್ಪಾ, ಬಾಯಾರಿಕೆ" ಅನ್ನುತ್ತ ಸವಾರರಿಗೆಂದು ಇಟ್ಟಿದ್ದ ಹಂಡೆಗೆ ಬಾಯಿ ಹಾಕಿ ಗಟಗಟ ಅಷ್ಟೂ ಕುಡಿದ. ಆಮೇಲೆ ತಕ್ಕಡಿಯಲ್ಲಿ ಕೂತ. ಸಮ ನಿಂತಿತು.

ಎರಡನೇ ದಿನವೂ ಅದೇ ತಿರುವು, ಅದೇ ನೆಕ್ಕಾಟ, ಅದೇ ಹಂಡೆ, ಅದೇ ತಕ್ಕಡಿ.

ಸಂಜೆ ಸಣ್ಣೀರ ಚಂಪಿಯ ಕುತ್ತಿಗೆ ತಬ್ಬಿಕೊಂಡು ಅತ್ತ. "ಯಾಕವ್ವಾ ಹೀಗ್ ಮಾಡ್ತೀಯ? ನಾಳೆ ಸೋತ್ರೆ ಗಾಣ ಸುತ್ತಬೇಕಲ್ಲ ನೀನು."

"ನಾನೇನ್ ಮಾಡ್ಲಿ? ತಿರುವಿನ ತುಂಬ ಉಪ್ಪು" ಅಂದಳು ಚಂಪಿ. "ಆ ದುಗ್ಗಪ್ಪ ಚೀಲಕ್ಕೆ ಮರಳಿನ ಬದಲು ಉಪ್ಪು ತುಂಬ್ಕೊಂಡಿದಾನೆ. ಚೀಲಕ್ಕೆ ತೂತು, ತಿರುವಿಗೆ ಬಂದಾಗ ಬಿಚ್ತಾನೆ. ಅವನು ಹಗುರ ಆಗ್ತಾನೆ, ನಾನು ಉಪ್ಪಿನ ಆಸೆಗೆ ನಿಂತ್ಬಿಡ್ತೀನಿ. ಕಮ್ಮಿಯಾದ ತೂಕಾನ ನೀರು ಕುಡಿದು ಸರಿ ಮಾಡ್ಕೋತಾನೆ."

"ರಾಜರಿಗೆ ಹೇಳ್ತೀನಿ."

"ತಕ್ಕಡಿ ಸಮ ನಿಂತಿದೆ. ನಿನ್ನ ಮಾತು ಯಾರು ಕೇಳ್ತಾರೆ? ಮನೇಲಿರೋ ಉಪ್ಪೆಲ್ಲ ನಂಗೆ ತಂದ್ಹಾಕು. ಓಟ ಮುಗಿಯೋವರೆಗೂ ಒಂದು ಹನಿ ನೀರು ಕೊಡ್ಬೇಡ."

ಅವತ್ತು ಸಣ್ಣೀರನ ಮನೆಯಲ್ಲಿ ಸಾರು ಸಪ್ಪೆ. "ಕುದುರೆ ಉಪ್ಪು ತಿನ್ಲಿ, ನಾವು ಹುಲ್ಲು ತಿನ್ನಾಣ" ಅಂತ ಹೆಂಡತಿ ಕಲ್ಲವ್ವ ಗೊಣಗಿದಳು.

ಮೂರನೇ ದಿನ. ತಿರುವಿನಲ್ಲಿ ಉಪ್ಪು ಸುರಿಯಿತು. ಚಂಪಿ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಗಂಟಲು ಉರಿಯುತ್ತಿತ್ತು, ದೂರದಲ್ಲಿ ಹಂಡೆ ಹೊಳೆಯುತ್ತಿತ್ತು. ಬಿದ್ದಳು ನೋಡಿ ಓಟಕ್ಕೆ! ಸಣ್ಣೀರ ಕಣ್ಣು ಮುಚ್ಚಿಕೊಂಡು ಜೂಲು ಹಿಡಿದುಕೊಂಡ. ಗೆರೆ ದಾಟಿದವಳೇ ಹಂಡೆಗೆ ಮೂತಿ ಇಟ್ಟು ತಳದವರೆಗೂ ಹೀರಿದಳು.

ಹಿಂದೆ ಬಂದ ದುಗ್ಗಪ್ಪ ಹಂಡೆಯೊಳಗೆ ತಲೆ ಹಾಕಿದ. ಒಂದು ತೊಟ್ಟೂ ಇರಲಿಲ್ಲ.

"ಮಹಾಸ್ವಾಮಿ, ಬಾಯಾರಿಕೆ" ಅಂದ.

"ಮೊದಲು ತಕ್ಕಡಿ."

"ಹೊಟ್ಟೆನೋವು."

"ಮೊದಲು ತಕ್ಕಡಿ."

"ಕಾಲು ಉಳುಕಿದೆ."

ರಾಜ ಕಣ್ಸನ್ನೆ ಮಾಡಿದ. ಆಳುಗಳು ಅವನನ್ನು ಎತ್ತಿ ತಕ್ಕಡಿಯಲ್ಲಿ ಕೂರಿಸಿದರು. ಗುಂಡುಕಲ್ಲು ದೊಪ್ಪನೆ ನೆಲಕ್ಕೆ ಕೂತಿತು, ದುಗ್ಗಪ್ಪ ಸೊಯ್ಯನೆ ಮೇಲೆ ಹೋದ. ಅಂಗಿಯಿಂದ ಖಾಲಿ ಚೀಲ ಜಾರಿತು. ಉಳಿದಿದ್ದ ಚಿಟಿಕೆ ಉಪ್ಪು ರಾಜನ ಮೀಸೆಯ ಮೇಲೆ ಬಿತ್ತು. ರಾಜ ನಾಲಿಗೆ ಚಾಚಿ ನೆಕ್ಕಿ ನೋಡಿದ.

"ಉಪ್ಪು ತಿಂದವರು ನೀರು ಕುಡೀಲೇಬೇಕು ಅಂತಾರೆ" ಅಂದ. "ಚಂಪಿ ತಿಂದ್ಲು, ಕುಡಿದ್ಲು. ನೀನು ನನ್ನ ಉಪ್ಪು ತಿಂದು ನನಗೇ ಮೋಸ ಮಾಡ್ದೆ. ನಿನ್ನ ಕುದುರೆ ಎರಡು ದಿನ ಗೆದ್ದಿದೆ, ಅದು ಲಾಯದಲ್ಲೇ ಇರಲಿ. ಗಾಣ ನೀನು ತಿರುಗಿಸು."

ಚಂಪಿ ಲಾಯದಲ್ಲೇ ಉಳಿದಳು. ಸಣ್ಣೀರನಿಗೆ ರಾಜ ಒಂದು ಹೋಳಿಗೆ ಕೊಟ್ಟ. ತಿಂದಮೇಲೆ ಸಣ್ಣೀರ ಮೆಲ್ಲನೆ ಹೋಗಿ ತಕ್ಕಡಿಯಲ್ಲಿ ಕೂತು ನೋಡಿಕೊಂಡನಂತೆ.

ತಿಳಿಯಿತೇ ಮಕ್ಕಳೇ? ಮೋಸ ಮಾಡಿ ಹಗುರಾದವನು ಒಂದು ದಿನ ಹತ್ತು ಜನರ ಮುಂದೆ ಹಗುರಾಗುತ್ತಾನೆ. ಹೋಗಿ, ನೀರು ಕುಡಿದು ಮಲಗಿ.